ಅವ್ವನ ಓಲೆ ತೊಟ್ಟ ಮರಿಗಳು

ಹೋದ ತಿಂಗಳು ಗೊರವನಹಳ್ಳಿ ಲಕ್ಷ್ಮಿಗೆ ಕೈಮುಗಿದು ಕೊರಟಗೆರೆ ಬಸ್ಸು ಹತ್ತಿದ್ದೆ. ಬಸ್ಸಿನ ತುಂಬ ಕುಂಕುಮ, ಹೂವು, ಒಡೆದ ತೆಂಗಿನಕಾಯಿಯ ವಾಸನೆ. ದಾರಿಯಲ್ಲಿ ಮಳೆ ಹಿಡಿಯಿತು. ಯಾವುದೋ ಗೇಟಿನಲ್ಲಿ ವಯಸ್ಸಾದ ಯಜಮಾನರೊಬ್ಬರು ನೆನೆದ ಕಂಬಳಿ ಹೊದ್ದುಕೊಂಡೇ ಹತ್ತಿ ನನ್ನ ಪಕ್ಕ ಕೂತರು. ಒದ್ದೆ ಉಣ್ಣೆಯ ವಾಸನೆ ಗಮ್ಮೆಂದು ಎದ್ದಿತು ನೋಡಿ, ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಇನ್ನಷ್ಟು ಅತ್ತ ವಾಲಿದೆ. ಯಜಮಾನರಿಗೆ ಗಾಬರಿ. “ಯಾಕಮ್ಮ, ಜಾಗ ಸಾಲ್ದಾ?” ಅಂದರು. “ಸಾಕು ಕಣಣ್ಣ, ಕೂತ್ಕೊಳ್ಳಿ” ಅಂದೆ. ಈ ವಾಸನೆಯಲ್ಲಿ ನನ್ನದೊಂದು ಇಡೀ ಚಳಿಗಾಲ ಇದೆ ಎಂದು ಬಸ್ಸಿನಲ್ಲಿ ಹೇಗೆ ಹೇಳಲಿ?

ನನ್ನ ಕೆಲಸ ಡೇಟಾಬೇಸ್, ಅಂದರೆ ಕಂಪ್ಯೂಟರಿನೊಳಗಿನ ಲೆಕ್ಕದ ಪುಸ್ತಕ, ನೋಡಿಕೊಳ್ಳುವುದು. ತುಮಕೂರಿನಲ್ಲಿ ಒಂದು ಸಣ್ಣ ಕಂಪನಿ. ಎಲ್ಲಿಯಾದರೂ ಸಾಫ್ಟ್‌ವೇರ್ ತೆವಳತೊಡಗಿದರೆ ನನ್ನನ್ನು ಕಳಿಸುತ್ತಾರೆ. ಆಫೀಸಿನ ಹೊಸಬರು “ಮೇಡಂ, ಡೇಟಾ ಹುಡುಕೋ ಕ್ವೆರಿ ನಿಧಾನ, ಒಂದು ಇಂಡೆಕ್ಸ್ ಹಾಕಿಬಿಡ್ಲಾ?” ಎಂದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಜ್ವರ ನೋಡದೆ ಮಾತ್ರೆ ಕೊಡುತ್ತೀರಾ ಎಂದು ರೇಗುತ್ತೇನೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ನಾನು ಹೇಳಿಕೊಡುವ ಬುದ್ಧಿಯಲ್ಲಿ ಮುಕ್ಕಾಲುಪಾಲು ಪುಸ್ತಕದಿಂದ ಬಂದದ್ದಲ್ಲ, ಬರಗೂರಿನ ಹತ್ತಿರದ ಒಂದು ಹಟ್ಟಿಯಿಂದ ಬಂದದ್ದು ಎಂದು ಯಾರಿಗೂ ಗೊತ್ತಿಲ್ಲ.

ಆ ವರ್ಷ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ಕುರಿ ಸಾಕುವವರು ಸೇರಿ ಕಟ್ಟಿಕೊಂಡಿದ್ದ ಒಂದು ಸಂಘಕ್ಕೆ ನಾವು ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಪ್ರತಿ ಕುರಿಯ ಕಿವಿಗೂ ನಂಬರಿರುವ ಹಳದಿ ಬಿಲ್ಲೆ. ಜನ ಅದನ್ನು ಬಿಲ್ಲೆ ಎನ್ನುತ್ತಿರಲಿಲ್ಲ, ಕಿವಿಯಲ್ಲಿ ತೂಗುತ್ತದಲ್ಲ, ಓಲೆ ಎನ್ನುತ್ತಿದ್ದರು. ಲಸಿಕೆಗೆ ಬಂದ ಕುರಿಯ ಓಲೆ ನಂಬರು ಹೊಡೆದರೆ ಪರದೆಯ ಮೇಲೆ ಅದರ ಜಾತಕವೆಲ್ಲ ಬರಬೇಕು: ಯಾರ ಕುರಿ, ಎಷ್ಟು ವಯಸ್ಸು, ಹಿಂದೆ ಲಸಿಕೆ ಆಗಿದೆಯೋ ಇಲ್ಲವೋ. ಪರದೆ ಹಸಿರಾದರೆ ಸೂಜಿ, ಕೆಂಪಾದರೆ ವಾಪಸ್ಸು. ಈ ಕಾಯಿದೆ ಯಾಕೆಂದರೆ ಹಿಂದಿನ ಸಲ ಚೀಟಿಯಲ್ಲಿ ಬರೆದುಕೊಂಡು, ಹಾಕಿದ್ದಕ್ಕೇ ಮತ್ತೆ ಹಾಕಿ, ಎಷ್ಟೋ ಕುರಿಗಳಿಗೆ ಲಸಿಕೆ ಸಿಗದೆಯೇ ಹೋಗಿತ್ತು.

ದೀಪಾವಳಿ ಕಳೆದಿತ್ತು. ರಾಗಿ ಕೊಯ್ಲಾಗಿ, ಬಯಲಾದ ಹೊಲಗಳಲ್ಲಿ ಮಂದೆಗಳು ಮೇಯುತ್ತಿದ್ದವು. ಸಂತೆಗಳಲ್ಲಿ ಅವರೆಕಾಯಿ ಬರತೊಡಗಿತ್ತು. ಆಂಧ್ರದ ಗಡಿಯ ಆಚೆ ಹಿರೇಬೇನೆ ಬಿದ್ದಿದೆ ಎಂಬ ಸುದ್ದಿ ಬಂತು. ಕುರಿಗೆ ಜ್ವರ ಬರುತ್ತದೆ, ಕಣ್ಣು ಮೂಗು ಸುರಿಯುತ್ತದೆ, ಬಾಯಿ ಹುಣ್ಣಾಗಿ ಮೇವು ಬಿಡುತ್ತದೆ, ಆಮೇಲೆ ಭೇದಿ. ಒಂದು ಮಂದೆಗೆ ಹೊಕ್ಕರೆ ಅರ್ಧ ಮಂದೆ ಉಳಿಯುವುದು ಕಷ್ಟ. ಅದಕ್ಕಿರುವುದು ಒಂದೇ ದಾರಿ, ಬೇನೆ ಬರುವ ಮೊದಲು ಲಸಿಕೆ. ಅಂಥ ಹೊತ್ತಿನಲ್ಲಿ ನಮ್ಮ ಸಾಫ್ಟ್‌ವೇರ್ ಮುಷ್ಕರ ಹೂಡಿತು.

ನಾನು ಬರಗೂರಿಗೆ ಹೋದ ದಿನ ಬೇವಿನ ಮರದ ಕೆಳಗೆ ಶಿಬಿರ ನಡೆದಿತ್ತು. ಡಾಕ್ಟರು ನಂಜುಂಡಪ್ಪನವರು, ಮಾತು ಕಡಿಮೆ, ಐಸ್ ಡಬ್ಬಿಯಿಂದ ಬಾಟಲಿ ತೆಗೆದು ಪುಡಿಗೆ ನೀರು ಬೆರೆಸಿ ಗಡಿಯಾರ ನೋಡಿದರು. “ಬೆರೆಸಿದ ಮೇಲೆ ಎರಡು ಗಂಟೆ ಅಷ್ಟೆ ನೋಡಮ್ಮ. ಆಮೇಲೆ ಇದು ಬರೀ ನೀರು.” ಲ್ಯಾಪ್‌ಟಾಪಿನ ಮುಂದೆ ಸಂಘದ ಗುಮಾಸ್ತರು, ಶಿರಾದ ಸಾದಿಕ್ ಭಾಯ್. ಅವರು ನಂಬರು ಹೊಡೆಯುವುದು, ಪರದೆಯ ಮೇಲೆ ಚಕ್ರ ಸುತ್ತುವುದು. ಸುತ್ತಿತು, ಸುತ್ತಿತು, ಒಂದು ಕುರಿಗೆ ಎರಡು ನಿಮಿಷ. “ಅರೆ ಮೇಡಂ, ಇದೇನು ಕಂಪ್ಯೂಟ್ರೋ ಗಾಣವೋ? ಇಷ್ಟೊತ್ತಿಗೆ ನಾನು ನಮಾಜ್ ಮುಗಿಸಿ ಬಂದ್ಬುಡ್ತಿದ್ದೆ” ಎಂದರು. ನೂರು ಕುರಿಗಾಗುವ ಬಾಟಲಿ, ಎರಡು ಗಂಟೆಯಲ್ಲಿ ಅರವತ್ತು ಕುರಿ ಮುಗಿಯಲಿಲ್ಲ. ಡಾಕ್ಟರು ಉಳಿದದ್ದನ್ನು ತುಟಿ ಬಿಗಿಹಿಡಿದು ಗುಂಡಿಗೆ ಸುರಿದರು. ಎರಡನೇ ಬಾಟಲಿಯ ಗತಿಯೂ ಅದೇ ಆಯಿತು.

ಬೆಳಿಗ್ಗೆಯಿಂದ ಎಂಬತ್ತು ಕುರಿ ಹಿಡಿದುಕೊಂಡು ಸರದಿಯಲ್ಲಿ ನಿಂತಿದ್ದ ಅಜ್ಜಿ ಅದನ್ನು ನೋಡುತ್ತಿದ್ದಳು. ಹೆಸರು ಕ್ಯಾತಮ್ಮ. ಕಡ್ಡಿಯಂಥ ಮೈ, ಗಂಡಸಿನಂಥ ದನಿ. ಅವಳ ಸರದಿ ಬರುವ ಹೊತ್ತಿಗೆ ಲಸಿಕೆ ಮುಗಿದಿತ್ತು. “ಲೇ ಸಾಬಣ್ಣ, ನಿಂದೇನೂ ತಪ್ಪಿಲ್ಲ ಬುಡು. ಈ ಪೆಟ್ಟಿಗೆ ಮಾಡ್ದೋರು ಯಾರು ಏಳು, ಅವ್ರ್‌ನ ನಾಕ್ ದಿನ ಕುರಿ ಕಾಯಕ್ ಕಳ್ಸು” ಎಂದಳು. ಸಾದಿಕ್ ಭಾಯ್ ಮುಸಿಮುಸಿ ನಗುತ್ತ ನನ್ನ ಕಡೆ ಬೆರಳು ತೋರಿಸಿದರು. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಯ್ಯೋ ಶಿವನೇ, ನೀನೇನಮ್ಮ? ಊಟ ಮಾಡ್ದಾ?” ಎಂದುಬಿಟ್ಟಳು. ನಾನು ಊಟ ಮಾಡಿರಲಿಲ್ಲ.

ಆ ಸಂಜೆ ಡಾಕ್ಟರ ಜೀಪಿನಲ್ಲೇ ಅವಳ ಹಟ್ಟಿಗೆ ಹೋದೆವು, ಕಾಲು ಕುಂಟುತ್ತಿದ್ದ ಒಂದು ಟಗರು ನೋಡಬೇಕಿತ್ತು. ಮುದ್ದೆ, ಅವರೆಕಾಳಿನ ಸಾರು ಹಾಕಿದಳು. ಹೊತ್ತು ಇಳಿಯುವಾಗ ಕುರಿಗಳನ್ನು ರೊಪ್ಪಕ್ಕೆ ತುಂಬಿದಳು, ಮುಳ್ಳು ಬೇಲಿಯ ದೊಡ್ಡಿಗೆ ಅವರು ಹೇಳುವುದು ರೊಪ್ಪ ಎಂದು. ಕಿರಿದಾದ ಬಾಗಿಲಲ್ಲಿ ಕಾಲಗಲಿಸಿ ನಿಂತಳು. ಕುರಿಗಳು ನುಗ್ಗಿದವು. ಬೆರಳು ಮಡಿಸಲಿಲ್ಲ, ಬಾಯಲ್ಲಿ ಎಣಿಸಲಿಲ್ಲ. ಕೊನೆಯದು ಒಳಗೆ ಹೋಗುತ್ತಲೇ “ಕರಿಕಿವೀದು ಬಂದಿಲ್ಲ” ಎಂದಳು. ಹೌದು, ಅದು ಹಿತ್ತಲಲ್ಲಿ ಹುರುಳಿ ಹೊಟ್ಟು ತಿನ್ನುತ್ತ ನಿಂತಿತ್ತು.

“ಎಂಬತ್ತರಲ್ಲಿ ಅದೊಂದೇ ಇಲ್ಲ ಅಂತ ಹೆಂಗಜ್ಜಿ ಗೊತ್ತಾಯ್ತು?” ಎಂದೆ.

“ಬಾಗ್ಲಾಗೆ ನಿಂತ್ಕಣೋಕೆ ಮುಂಚೇನೇ ಅಷ್ಟೂ ಮನಸ್ನಾಗೆ ಇಕ್ಕಂಡಿರ್ತೀನಿ ಕಣಮ್ಮ. ಬಂದದ್ದು ಬಂದಂಗೆ ಬುಡ್ತಾ ಹೋಗ್ತೀನಿ, ಬರದೆ ಇರೋದು ಮನಸ್ನಾಗೇ ಉಳ್ಕತದೆ. ಒಂದೊಂದು ಕುರಿ ಬಂದಾಗ್ಲೂ ಊರೊಳಕ್ಕೋಗಿ ಇದು ಯಾರ್ದು ಅಂತ ಕೇಳ್ಕಂಡು ಬತ್ತಾರಾ?”

ನನ್ನ ಸಾಫ್ಟ್‌ವೇರ್ ಮಾಡುತ್ತಿದ್ದದ್ದು ಅದನ್ನೇ. ಒಂದೊಂದು ಕುರಿ ಬಂದಾಗಲೂ ಬರಗೂರಿನಿಂದ ತುಮಕೂರಿನ ಸರ್ವರಿಗೆ ಹೋಗಿ, ಇದು ಯಾರದು ಎಂದು ಕೇಳಿ ಬರುವುದು. ಮತ್ತೆ ಹೋಗಿ ವಯಸ್ಸೆಷ್ಟು ಎಂದು ಕೇಳುವುದು. ಮತ್ತೆ ಲಸಿಕೆಗೆ, ಮತ್ತೆ ಫೋಟೋಗೆ. ಅದೂ ಒಂದು ಮೊಬೈಲಿನಿಂದ ತೊಟ್ಟಿಕ್ಕುವ ಇಂಟರ್ನೆಟ್ಟಿನಲ್ಲಿ.

ಮಾರನೆಯ ದಿನದಿಂದ ಒಂದು ವಾರ ಮಧುಗಿರಿಯಲ್ಲಿ ಸಂಘದ ಕೋಣೆಯಲ್ಲಿ ಕೂತೆ. ಕಿಟಕಿಯಲ್ಲಿ ಬೆಟ್ಟ, ಎದುರಿಗೆ ಚಹಾದ ಅಂಗಡಿ. ಮೊದಲ ದಿನ ನಾನೂ ಹೊಸಬರಂತೆ ಕತ್ತೆಕೆಲಸವನ್ನೇ ಮಾಡಿದೆ. ಇಂಡೆಕ್ಸ್ ಎಂದರೆ ಪುಸ್ತಕದ ಕೊನೆಯಲ್ಲಿರುವ ಪದಸೂಚಿ ಇದ್ದಂತೆ, ಪುಟಪುಟ ತಿರುವದೆ ಬೇಕಾದಲ್ಲಿಗೆ ಹೋಗಬಹುದು. ಒಳ್ಳೆಯದಲ್ಲವೇ ಎಂದು ಸಿಕ್ಕ ಸಿಕ್ಕ ಕಾಲಮ್ಮಿಗೆಲ್ಲ ಹಾಕಿದೆ. ಹುಡುಕುವುದು ವೇಗವಾಗಲಿಲ್ಲ, ಲಸಿಕೆ ಬರೆದಿಡುವುದು ಇನ್ನೂ ನಿಧಾನವಾಯಿತು, ಯಾಕೆಂದರೆ ಒಂದು ಸಾಲು ಬರೆದಾಗಲೆಲ್ಲ ಅಷ್ಟೂ ಸೂಚಿಗಳನ್ನು ತಿದ್ದಬೇಕು. ಎಲ್ಲ ಕಿತ್ತುಹಾಕಿ ತೆಪ್ಪಗೆ ಅಳೆಯಲು ಕೂತೆ. ಆ ಎರಡು ನಿಮಿಷ ಎಲ್ಲೆಲ್ಲಿ ಹೋಗುತ್ತಿದೆ? ಡೇಟಾಬೇಸಿಗೇ ಕೇಳಿದರೆ ಹೇಳುತ್ತದೆ, ತಾನು ಯಾವ ದಾರಿಯಲ್ಲಿ ಹೋದೆ ಎಂದು. ಕೇಳುವ ತಾಳ್ಮೆ ನಮಗಿರಬೇಕು.

ಅದು ಹೇಳಿದ್ದು ಕೇಳಿ ನಾಚಿಕೆಯಾಯಿತು. ಓಲೆ ನಂಬರನ್ನು ಒಬ್ಬರು ನಡುವೆ ಗೆರೆ ಹಾಕಿ ಬರೆದಿದ್ದರು, ಒಬ್ಬರು ಜಾಗ ಬಿಟ್ಟು. ನಾನು ಅದನ್ನು ಒಳಗೆ ಹಾಕುವಾಗಲೇ ಒಂದು ಸಲ ಓರಣ ಮಾಡುವುದು ಬಿಟ್ಟು, ಹುಡುಕುವಾಗಲೆಲ್ಲ ಅಷ್ಟೂ ನಂಬರಿನ ಗೆರೆ ತೆಗೆದು ಹೋಲಿಸು ಎಂದು ಬರೆದಿದ್ದೆ. ಹಾಗೆ ಮಾಡಿದರೆ ಇಂಡೆಕ್ಸ್ ಇದ್ದೂ ಇಲ್ಲದಂತೆ, ಒಂದು ಕುರಿಗಾಗಿ ನಾಲ್ಕು ತಾಲ್ಲೂಕಿನ ಕುರಿಗಳನ್ನೂ ಎಬ್ಬಿಸಿ ನಿಲ್ಲಿಸಬೇಕು. ಆಫೀಸಿನಲ್ಲಿ ಇನ್ನೂರು ಸುಳ್ಳು ಕುರಿ ಹಾಕಿ ನೋಡಿದಾಗ ಬಾಣದಂತೆ ಓಡಿತ್ತು. ನಿಜವಾದ ಕುರಿಗಳು ಬಂದಾಗ ಉಸಿರುಗಟ್ಟಿತು. ಈಗ ನಮ್ಮ ಹೊಸಬರಿಗೆ ಮೊದಲು ಹೇಳುವುದೇ ಇದು: ನಿಜದಷ್ಟೇ ದೊಡ್ಡ ಡೇಟಾ ಹಾಕಿ ನೋಡದೆ ನನ್ನ ಹತ್ತಿರ ಬರಬೇಡಿ.

ನಂಬರುಗಳನ್ನೆಲ್ಲ ಒಂದೇ ಸಲ ಓರಣ ಮಾಡಿದೆ. ಬೇಕಾದ ಒಂದೇ ಇಂಡೆಕ್ಸ್ ಇಟ್ಟೆ. ಯಾರೂ ನೋಡದ ಫೋಟೋ ತರಿಸುವುದು ನಿಲ್ಲಿಸಿದೆ. ಆಮೇಲೆ ಕ್ಯಾತಮ್ಮನ ಉಪಾಯ: ಕುರಿಯವರು ಸರದಿಗೆ ಬಂದ ಕೂಡಲೇ ಅವರ ಇಡೀ ಮಂದೆಯನ್ನು ಒಂದೇ ಪ್ರಶ್ನೆಯಲ್ಲಿ ತರಿಸಿ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಳ್ಳುವುದು. ಒಂದೊಂದೇ ಕುರಿ ಬಂದಾಗ ಎಲ್ಲಿಗೂ ಹೋಗಬೇಕಾಗಿಲ್ಲ. ಎರಡು ನಿಮಿಷದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗತೊಡಗಿತು. ಅಷ್ಟಕ್ಕೆ ನಿಲ್ಲಿಸಬಾರದಿತ್ತೇ? ನನಗೆ ಹುಚ್ಚು ಹಿಡಿದಿತ್ತು. ಪರದೆ ಕೆಂಪಾಗಿ ವಾಪಸ್ಸು ಕಳಿಸಿದ ಕುರಿಗಳ ಹೆಸರಿನಲ್ಲೂ ಒಂದೊಂದು ಸಾಲು ಬರೆದುಕೊಳ್ಳುತ್ತಿತ್ತು. ಹಾಕದ ಲಸಿಕೆಗೆ ಲೆಕ್ಕ ಯಾಕೆ ಎಂದು ಅದನ್ನೂ ತೆಗೆದುಬಿಟ್ಟೆ.

ಬರಗೂರಿನ ಎರಡನೇ ಶಿಬಿರ ನನ್ನ ಪಾಲಿಗೆ ಹಬ್ಬ. ಸಾದಿಕ್ ಭಾಯ್ ನಂಬರು ಹೊಡೆಯುವುದೇ ತಡ, ಹಸಿರು. “ವಾಹ್ ಮೇಡಂ! ಈಗ ಡಾಕ್ಟ್ರೇ ನಿಧಾನ!” ಒಂದು ಹನಿ ಲಸಿಕೆ ಗುಂಡಿಗೆ ಹೋಗಲಿಲ್ಲ. ನಾನು ಸೊಂಟದ ಮೇಲೆ ಕೈಯಿಟ್ಟು ಓಡಾಡುತ್ತಿದ್ದೆ. ಕ್ಯಾತಮ್ಮನ ದೊಡ್ಡ ಕುರಿಗಳೆಲ್ಲ ಚಕಚಕ ಮುಗಿದವು. ಕೊನೆಗೆ ಹದಿಮೂರು ಮರಿ, ನಾಲ್ಕು ತಿಂಗಳು ತುಂಬಿದವು, ಒಂದಾದ ಮೇಲೊಂದು ಕೆಂಪು. ಲಸಿಕೆ ಆಗಿದೆ.

“ಇವಕ್ಕೆ ಆಕಿಲ್ಲ ಕಣಪ್ಪ” ಎಂದಳು ಅಜ್ಜಿ.

“ಆಗೈತಂತೆ ಅಜ್ಜಿ. ಇಲ್ಲಿ ತೋರಿಸ್ತಾ ಐತಲ್ಲ” ಎಂದರು ಸಾದಿಕ್ ಭಾಯ್.

ಅಜ್ಜಿ ನನ್ನ ಕಡೆ ತಿರುಗಿದಳು. ನನ್ನ ಉಪ್ಪು ತಿಂದವಳು ನೀನಾದರೂ ಹೇಳು ಎನ್ನುವಂತಿತ್ತು ಆ ನೋಟ. ನಾನು ಮುಂದಿನ ಮಂದೆ ತರಿಸುವ ಅವಸರದಲ್ಲಿ, “ಕಂಪ್ಯೂಟರ್ ಸುಳ್ಳು ಹೇಳಲ್ಲ ಅಜ್ಜಿ, ನೀನೇ ಮರ್ತಿದ್ದೀಯ” ಎಂದೆ. ಎಂಬತ್ತು ಕುರಿಯ ಮುಖ ಮನಸ್ಸಿನಲ್ಲಿಟ್ಟುಕೊಂಡವಳಿಗೆ ಹೇಳಿದ ಮಾತು! ಅವಳು ಮರಿಗಳನ್ನು ಹೊಡೆದುಕೊಂಡು ಹೋದಳು.

ಐದು ದಿನ ಕಳೆದು ಪಾವಗಡದ ಬಲಸಮುದ್ರದಲ್ಲಿ ಶಿಬಿರ. ಸೋಲಾರ್ ಫಲಕಗಳ ಬೇಲಿಯ ಪಕ್ಕದಲ್ಲೇ ಸರದಿ. ಕೆಲಸ ವೇಗವಾಗಿದ್ದರಿಂದ ನನಗೆ ಕುರಿಗಳ ಮುಖ ನೋಡಲು ಬಿಡುವಿತ್ತು. ಒಬ್ಬ ಒಂದು ಮರಿ ತಂದ. ಪರದೆ ಕೆಂಪಾಯಿತು, ವಯಸ್ಸು ಆರು ವರ್ಷ ಎಂದಿತು. ನನ್ನ ಕಣ್ಣೆದುರಿಗೆ ಇದ್ದದ್ದು ಹಾಲುಹಲ್ಲಿನ ಮರಿ. ಓಲೆ ಕಿವಿಯಲ್ಲೂ ಇರಲಿಲ್ಲ, ದಾರದಲ್ಲಿ ಪೋಣಿಸಿ ಕತ್ತಿಗೆ ಕಟ್ಟಿದ್ದರು.

“ಇದೇನಪ್ಪಾ ಇದು?” ಎಂದೆ.

“ಇದಿ ದೀನಿ ತಲ್ಲಿ ನಂಬರು ಮೇಡಂ. ಅವ್ವ ಸತ್ತೋಯ್ತು, ಅವ್ವನ ಓಲೆ ಮಗಳಿಗೆ ಕಟ್ಟಿದೀವಿ. ಎಲ್ಲಾ ಅಂಗೇ ಅಲ್ವಾ ಮಾಡೋದು?” ಎಂದ ಆತ ತೆಲುಗು ಬೆರೆಸಿ, ಇಷ್ಟೂ ಗೊತ್ತಿಲ್ಲವೇ ಎಂಬ ಹಾಗೆ.

ಮನೆಗಳಲ್ಲಿ ತಾಯಿಯ ಓಲೆ ಮಗಳಿಗೆ ಬರುವುದಿಲ್ಲವೇ? ಇವರೂ ಹಾಗೆಯೇ ಮಾಡಿದ್ದರು. ಸತ್ತ ಕುರಿಯ ಓಲೆಯನ್ನು ಬಿಸಾಡಲು ಮನಸ್ಸು ಬಾರದೆ ಅದರ ಹೆಣ್ಣುಮರಿಗೆ ಕಟ್ಟಿದ್ದರು. ನಾನು ತುಮಕೂರಿನಲ್ಲಿ ಕೂತು, ಒಂದು ನಂಬರು ಎಂದರೆ ಒಂದೇ ಜೀವ ಎಂದುಕೊಂಡು ಇಡೀ ಡೇಟಾಬೇಸನ್ನು ಅದರ ಮೇಲೆ ಕಟ್ಟಿದ್ದೆ. ತಾಯಿಗೆ ಹಾಕಿದ ಲಸಿಕೆ ಮರಿಯ ಲೆಕ್ಕದಲ್ಲಿತ್ತು. ನಿಧಾನವಿದ್ದಾಗ ಕಾಣದೆ ಉಳಿದಿದ್ದ ತಪ್ಪನ್ನು ನಾನು ವೇಗವಾಗಿ ನೂರಾರು ಸಲ ಮಾಡಿಸಿದ್ದೆ. ವಾಪಸ್ಸು ಹೋದ ಮರಿಗಳು ಯಾವುವು ಎಂದು ಹುಡುಕೋಣವೆಂದರೆ, ಆ ಸಾಲುಗಳನ್ನು ಬರೆಯುವುದು ನಿಲ್ಲಿಸಿದವಳೂ ನಾನೇ. ನನಗೆ ಲೆಕ್ಕ ನೆನಪಿದ್ದದ್ದು ಒಬ್ಬಳ ಮಂದೆಯದು ಮಾತ್ರ. ಹದಿಮೂರು.

ಡಾಕ್ಟರಿಗೆ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಐಸ್ ಡಬ್ಬಿಯ ಮುಚ್ಚಳ ಹಾಕಿ “ಜೀಪು ಹತ್ತಮ್ಮ” ಎಂದರು. ಅವತ್ತಿನಿಂದ ನಾಲ್ಕೂ ತಾಲ್ಲೂಕಿನ ಹಟ್ಟಿ ಹಟ್ಟಿಗೆ ಹೋದೆವು. ಎಲ್ಲಕ್ಕಿಂತ ಮೊದಲು ಹೋದದ್ದು ಕ್ಯಾತಮ್ಮನಲ್ಲಿಗೆ. ಶಿರಾ ದಾರಿಯಲ್ಲಿ ಸಾದಿಕ್ ಭಾಯ್ “ಮೇಡಂ, ಅಜ್ಜಿಗೆ ಆಗೈತೆ ಅಂದಿದ್ದು ನಾನೂನೂ” ಎಂದರು.

ಹಟ್ಟಿಯಲ್ಲಿ ಒಂದು ಮರಿಯನ್ನು ಬೇರೆ ಕಟ್ಟಿದ್ದಳು. ಅದರ ಕಣ್ಣು ಸುರಿಯುತ್ತಿತ್ತು. ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು. ಜ್ವರ ಬಂದದ್ದಕ್ಕೆ ಲಸಿಕೆ ಹಾಕುವಂತಿಲ್ಲ, ಔಷಧಿ ಕೊಟ್ಟು ನೋಡಬೇಕು. ಉಳಿದ ಹನ್ನೆರಡಕ್ಕೆ ಹಾಕಿದರೂ ಮೈಯಲ್ಲಿ ಶಕ್ತಿ ಕೂಡಲು ಹತ್ತು ಹದಿನೈದು ದಿನ ಬೇಕು, ಅಲ್ಲಿಯವರೆಗೆ ಏನೂ ಹೇಳಲಾಗದು. ನಾನು ಅಜ್ಜಿಯ ಮುಂದೆ ನಿಂತು “ನನ್ನ ತಪ್ಪಜ್ಜಿ. ಮರ್ತಿದ್ದು ನೀನಲ್ಲ, ನಾನು” ಎಂದೆ. ಅವಳು ಮರಿಯೊಂದನ್ನು ಎತ್ತಿ ನನ್ನ ತೋಳಿಗೆ ತುರುಕಿದಳು. “ಗಟ್ಟಿಗೆ ಇಡ್ಕ. ಸೂಜಿ ಚುಚ್ಚೋವಾಗ ಒದೀತದೆ.” ಹನ್ನೆರಡನ್ನೂ ನಾನೇ ಹಿಡಿದೆ. ಒಂದೊಂದರ ಎದೆಬಡಿತವೂ ಅಂಗೈಗೆ ತಾಕುತ್ತಿತ್ತು. ನನ್ನ ಚೂಡಿದಾರವೆಲ್ಲ ಉಣ್ಣೆ, ಗಂಜಲ. ಆ ವಾಸನೆ ಒಗೆದರೂ ಹೋಗಲಿಲ್ಲ.

ಆ ಹದಿನೈದು ದಿನ ಹೇಗೆ ಕಳೆದೆನೋ. ದಿನವೂ ಹಟ್ಟಿಯ ಯಾರದೋ ಫೋನಿಗೆ ಮಾಡುವುದು, “ಹೆಂಗವೆ ಅಜ್ಜಿ?” ಎನ್ನುವುದು. “ಅವೆ ಕಣಮ್ಮ, ನೀನು ಉಂಡ್ಯಾ?” ಎನ್ನುತ್ತಿದ್ದಳು. ಹಗಲೆಲ್ಲ ಡೇಟಾಬೇಸನ್ನು ಬಿಚ್ಚಿ ಕಟ್ಟಿದೆ. ಜೀವಕ್ಕೊಂದು ಬೇರೆ ಗುರುತು ಕೊಟ್ಟೆ, ಓಲೆ ಬದಲಾಗಬಹುದು, ಜೀವ ಬದಲಾಗುವುದಿಲ್ಲ. ವಾಪಸ್ಸು ಕಳಿಸಿದ್ದನ್ನು ಬರೆಯುವ ಸಾಲನ್ನು ಮತ್ತೆ ಸೇರಿಸಿದೆ, ಅದರಿಂದ ಒಂದಿಷ್ಟು ನಿಧಾನವಾದರೆ ಆಗಲಿ. ಯಾರೂ ಕೇಳದಿದ್ದ ಒಂದು ಕಾಲಮ್ಮನ್ನೂ ಸೇರಿಸಿದೆ: ತಾಯಿ ಯಾರು ಎಂದು.

ಹದಿನಾರನೇ ದಿನ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಬರಗೂರಿಗೆ ಬಸ್ಸು ಹತ್ತಿದೆ. ಹನ್ನೆರಡೂ ಮರಿ ಬೇಲಿಯ ಹತ್ತಿರ ಗುದ್ದಾಡಿಕೊಂಡು ಕುಣಿಯುತ್ತಿದ್ದವು. ಜ್ವರದ್ದು ಹಿಂದಿನ ದಿನ ಬೆಳಿಗ್ಗೆ ಸತ್ತಿತ್ತು. ಅಜ್ಜಿ ಅದರ ಓಲೆಯನ್ನು ತಂದು ನನ್ನ ಕೈಗಿಟ್ಟಳು. “ಅದರವ್ವ ಕೆಂಚೀದು ಇದು. ಇನ್ಯಾರಿಗೂ ಕಟ್ಟಂಗಿಲ್ಲ, ಅವ್ಳಿಗೆ ಇದ್ದದ್ದೇ ಒಂದು ಮಗಳು.”

ಜಗಲಿಯ ಮೇಲೆ ಕೂತು ಪರದೆ ತೆರೆದೆ. ತಾಯಿ ಎಂಬಲ್ಲಿ ಕೆಂಚಿ ಎಂದು ಬರೆದೆ. ಸತ್ತಿದೆ ಎಂದು ಒತ್ತಿದೆ. ಅದು ಕಾರಣ ಕೇಳಿತು. ಬೇನೆ, ತೋಳ, ಹಾವು, ಇತರೆ; ಆ ಪಟ್ಟಿ ಮಾಡಿದವಳೂ ನಾನೇ. ಇತರೆ ಎಂದು ಒತ್ತಿ ಅದರ ಮುಂದೆ ನನ್ನ ಹೆಸರು ಬರೆದೆ.

“ಏನ್ ಬರ್ದೆ? ಓದು” ಎಂದಳು. ಓದಿದೆ.

ಅವಳು ನನ್ನ ಬೆನ್ನ ಮೇಲೆ ಫಟ್ಟನೆ ಒಂದು ಹೊಡೆದು, “ಅಳ್ಸು ಅದ್ನ. ಬೇನೆ ಅಂತ ಬರಿ. ಮಿಕ್ಕಿದ್ ಹನ್ನೆರ್ಡನ್ನ ನಿನ್ ತೋಳ್ನಾಗೇ ಇಡ್ಕಂಡಿದ್ಯಲ್ಲೇ ಹುಚ್ಚಿ, ಅದ್ನೆಲ್ಲಿ ಬರೀತೀಯ?” ಎಂದಳು.

ಅಳಿಸಿದೆ. ಬೇನೆ ಎಂದು ಒತ್ತಲು ಹೋದರೆ ಕಣ್ಣು ಮಂಜಾಗಿ ಪಟ್ಟಿಯೇ ಕಾಣಲಿಲ್ಲ. ಅಜ್ಜಿ ಸೆರಗಿನ ತುದಿಯಿಂದ ನನ್ನ ಮುಖ ಒರೆಸಿ, ಒತ್ತಿ ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದಳು.